ಹಳದಿ ಗುಂಡಿಯ ಮೇಲೆ ನಿಂತ ಬೆರಳು

ಕೆಲಸಕ್ಕೆ ಹಾಕಿದ ಅರ್ಜಿಗಳನ್ನು ಮನುಷ್ಯರು ಓದುವುದು ನಿಂತುಹೋಗಿ ಹತ್ತು ವರ್ಷವಾದ ಮೇಲೆ, ಒಬ್ಬ ತಾಯಿ ನ್ಯಾಯಾಲಯದಲ್ಲಿ ನಿಂತು ಒಂದೇ ಒಂದು ಪ್ರಶ್ನೆ ಕೇಳಿದಳು. "ನನ್ನ ಮಗ ಆರುನೂರು ಕಡೆ ಅರ್ಜಿ ಹಾಕ್ಯಾನ್ರಿ. ಅದರಾಗ ಒಂದನ್ನರೆ ಯಾರರೆ ಓದ್ಯಾರೇನು?"

ಯಾರೂ ಓದಿರಲಿಲ್ಲ. ಎಲ್ಲವನ್ನೂ ಓದಿದ್ದು ಜರಡಿ. ಹಾಗೆಂದು ಆ ಯಂತ್ರಕ್ಕೆ ಜನರೇ ಇಟ್ಟ ಹೆಸರು. ಹಿಂದೆ ಒಂದೊಂದು ಕೆಲಸಕ್ಕೆ ಸೇರಿದವರು, ಬಿಟ್ಟವರು, ಬಿಡಿಸಿಕೊಂಡವರು, ಎಲ್ಲರ ಬಯೋಡಾಟಾಗಳೂ ಅದರ ಹೊಟ್ಟೆಯಲ್ಲಿದ್ದವು. ಹೊಸ ಅರ್ಜಿ ಬಂದರೆ ಹಳೆಯವುಗಳ ಪಕ್ಕಕ್ಕಿಟ್ಟು, ಈ ಮನುಷ್ಯ ಎಷ್ಟು ದಿನ ನಿಂತಾನು, ಎಷ್ಟು ಗೇಯ್ದಾನು ಎಂದು ರೆಪ್ಪೆ ಬಡಿಯುವುದರೊಳಗೆ ಅಂದಾಜು ಹಾಕುತ್ತಿತ್ತು. ಮೇಲೆ ಉಳಿದವರಿಗೆ ಕರೆ ಬರುತ್ತಿತ್ತು. ಕೆಳಗೆ ಉದುರಿದವರಿಗೆ ಏನೂ ಇಲ್ಲ.

ನ್ಯಾಯಾಲಯ ಹೇಳಿತು: ಒಬ್ಬ ಮನುಷ್ಯ ಕಣ್ಣಾರೆ ಓದದ ಹೊರತು ಯಾವ ಅರ್ಜಿಯನ್ನೂ ತಳ್ಳಿಹಾಕುವಂತಿಲ್ಲ. ಓದಿದ ಮೇಲೆ ಏನು ಮಾಡಬೇಕು ಎಂಬುದನ್ನು ಮಾತ್ರ ಅಷ್ಟು ಬಿಡಿಸಿ ಹೇಳಲಿಲ್ಲ.

ಹೀಗೆ ಓದುಮನೆಗಳು ಹುಟ್ಟಿದವು. ರಾಣೆಬೆನ್ನೂರಿನ ಓದುಮನೆ ಹಳೆಯ ಹತ್ತಿ ಮಿಲ್ಲಿನ ಶೆಡ್ಡಿನಲ್ಲಿತ್ತು. ನಲವತ್ತು ಮೇಜು, ನಲವತ್ತು ಪರದೆ. ಜಂತಿಗಳ ಸಂದಿಯಲ್ಲಿ ಇನ್ನೂ ಹತ್ತಿಯ ಎಳೆಗಳು ಸಿಕ್ಕಿಕೊಂಡಿದ್ದವು, ಫ್ಯಾನು ತಿರುಗಿದಾಗ ಒಂದೊಂದೇ ಕೆಳಗಿಳಿದು ಯಾರದೋ ಪತ್ರದ ಮೇಲೆ ಕೂರುತ್ತಿತ್ತು. ಇಂದುಮತಿ ಹಾದಿಮನಿಯ ಮೇಜು ಹದಿನೇಳನೆಯದು. ಅಲ್ಲಿ ಅವಳು ಹನ್ನೊಂದು ವರ್ಷ ಕೂತಿದ್ದಳು.

ಕೆಲಸ ಇಷ್ಟೇ. ಜರಡಿ ಉದುರಿಸಿದ ಒಂದು ಅರ್ಜಿ ಪರದೆಯ ಮೇಲೆ ಬರುತ್ತದೆ: ಒಂದು ಪುಟ ಬಯೋಡಾಟಾ, ಒಂದು ಪುಟ ಕವರಿಂಗ್ ಲೆಟರ್. ಪರದೆಯ ನೆತ್ತಿಯಲ್ಲಿರುವ ಗಾಜಿನ ಬಿಲ್ಲೆ ಓದುಗರ ಕಣ್ಣಿನ ಪಾಪೆಯನ್ನೇ ನೋಡುತ್ತಿರುತ್ತದೆ. ಹೆಂಗಸರು ಅದಕ್ಕೆ 'ಅತ್ತಿ' ಎಂದು ಹೆಸರಿಟ್ಟಿದ್ದರು, ಅತ್ತೆಯ ಕಣ್ಣು ತಪ್ಪಿಸುವುದು ಸುಲಭವಲ್ಲವಲ್ಲ. ಕಣ್ಣು ಕೊನೆಯ ಸಾಲು ಮುಟ್ಟಿ ನಲವತ್ತು ಸೆಕೆಂಡು ತುಂಬಿದರೆ ಮೇಜಿನ ಮೇಲೆ ಎರಡು ಗುಂಡಿಗಳಿಗೆ ಬೆಳಕು ಬರುತ್ತದೆ. ಹಸಿರು ಒತ್ತಿದರೆ ಅರ್ಜಿದಾರರಿಗೆ, ಜರಡಿ ಉದುರಿಸಿದ ಕಾರಣದ ಕೆಳಗೆ, ಒಂದು ಸಾಲು ಹೋಗುತ್ತದೆ: 'ನಿಮ್ಮ ಅರ್ಜಿಯನ್ನು ಒಬ್ಬ ಮನುಷ್ಯ ಓದಿದ್ದಾರೆ.' ಹಳದಿ ಒತ್ತಿದರೆ ಅರ್ಜಿ ಜರಡಿಯನ್ನು ದಾಟಿ ನೇರವಾಗಿ ಕೆಲಸ ಕೊಡುವವರ ಮೇಜಿಗೆ, ಮರುನೋಟಕ್ಕೆ ಹೋಗುತ್ತದೆ. ಅವರೂ ಬೇಡವೆಂದರೆ ಹಳದಿ ಒತ್ತಿದ ಓದುಗರ ಹೆಸರಿಗೆ ಒಂದು ಕಪ್ಪು ಗೆರೆ. ಮೂರು ಗೆರೆ ಬಿದ್ದರೆ ಮನೆಗೆ.

ಹನ್ನೊಂದು ವರ್ಷದಲ್ಲಿ ಆ ಶೆಡ್ಡಿನಲ್ಲಿ ಹಳದಿ ಗುಂಡಿಯನ್ನು ಐದು ಜನ ಒತ್ತಿದ್ದರು. ಇಂದುಮತಿ ಅವರಲ್ಲಿ ಒಬ್ಬಳಲ್ಲ.

ದಿನಕ್ಕೆ ಐನೂರು ಪತ್ರ. ಐನೂರು ಜನ ಅವಳಿಗೆ ತಮ್ಮ ಓದು, ದುಡಿಮೆ, ಬಿಟ್ಟುಹೋದ ವರ್ಷಗಳು, ಮನೆಯ ಕಷ್ಟ ಎಲ್ಲವನ್ನೂ ಹೇಳಿಕೊಂಡು ಹೋಗುತ್ತಿದ್ದರು. ಅವಳಿಗೆ ಅವರೆಲ್ಲ ಗೊತ್ತು. ಅವಳೊಬ್ಬಳಿದ್ದಾಳೆ ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆ ತಿಂಗಳ ಒಂದನೇ ತಾರೀಖಿನಂದು ನೋಟೀಸು ಅಂಟಿಸಿದರು. ಕಾನೂನಿಗೆ ತಿದ್ದುಪಡಿಯಾಗಿತ್ತು. ಮನುಷ್ಯರ ಹಾಗೆಯೇ ಓದುವ ಯಂತ್ರವೊಂದು ತಯಾರಾಗಿದ್ದು, ಅದು ಓದಿದರೂ ಮನುಷ್ಯ ಓದಿದ ಲೆಕ್ಕವೇ. ಮೂವತ್ತನೇ ತಾರೀಖಿಗೆ ಓದುಮನೆ ಮುಚ್ಚುತ್ತದೆ.

"ಹನ್ನೊಂದು ವರ್ಷ ಅತ್ತಿ ನಮ್ಮ ಕಣ್ಣು ನೋಡಿದ್ದು ಕಾವಲಿಗಂತ ತಿಳದಿದ್ವಿ. ಕಲಿಯಾಕ ಕುಂತಿದ್ಲು ಆಕಿ," ಎಂದ ಹದಿನೆಂಟನೇ ಮೇಜಿನ ಬಾಷಾಸಾಬ. ಐವತ್ತೈದರ ಆತ ಇಲ್ಲಿಗೆ ಬರುವ ಮೊದಲು ಖಾಸಗಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದ. ಊಟದ ಡಬ್ಬಿ ಬಿಚ್ಚುತ್ತ ಅವಳ ಕಡೆ ತಿರುಗಿದ. "ಅಕ್ಕಾರ, ನನಗೊಂದು ಬಯೋಡಾಟಾ ಬರದ ಕೊಡ್ರಿ. ನಿಮ್ಮ ಓಣ್ಯಾಗ ನೀವ ಬರದ ಕೊಡ್ತೀರಂತ, ಕೈಗುಣ ಚಲೋ ಐತಿ ಅಂತಾರ ಮಂದಿ."

"ನೀವ ಮೊದಲ ಬರೀರಿ, ನಾ ತಿದ್ತೀನಿ."

ಆತ ಬರೆದುಕೊಂಡು ಬಂದ. ಇಂದುಮತಿ ಓದಿ ನಕ್ಕಳು. "ಪ್ರಾಮಾಣಿಕ, ಶ್ರಮಜೀವಿ, ಎಲ್ಲರೊಂದಿಗೆ ಹೊಂದಿಕೊಳ್ಳುವ ಸ್ವಭಾವ. ಬಾಷಾಸಾಬ್ರ, ಇದನ್ನ ದಿನಕ್ಕ ಮುನ್ನೂರು ಸಲ ಓದ್ತೀವಿ ನಾವು. ನಿಮಗ ಒಬ್ಬನರೆ ನೆನಪದಾನೇನು?"

"ಇಲ್ಲ ಬಿಡ್ರಿ."

"ಮತ್ತ? ತಂದೆ ಹೆಸರು, ಜಾತಿ, ಎತ್ತರ, ಎಲ್ಲಾ ತಗೀರಿ. ನೀವೇನು ಕನ್ಯಾ ನೋಡಾಕ ಹೊಂಟಿಲ್ಲ. ದಿನಕ್ಕ ಎಷ್ಟ ಮಂದಿ ಹತ್ತಸ್ತಿದ್ರಿ?"

"ಎಂಟನೂರು. ಸಂತಿ ಇದ್ದ ದಿನ ಸಾವಿರ."

"ಜಗಳ?"

"ದಿನಾ. ಆದ್ರ ಒಂದೂ ಪೊಲೀಸ್ ಠಾಣೆ ತನಕ ಹೋಗಿಲ್ಲ ನೋಡ್ರಿ."

"ಅದನ್ನ ಬರೀರಿ. ಹಂಗಂಗ."

ಬರೆದ. ಬ್ಯಾಡಗಿಯ ಒಂದು ಕಲ್ಯಾಣಮಂಟಪದ ಮ್ಯಾನೇಜರ್ ಕೆಲಸಕ್ಕೆ ಹಾಕಿದ. ನಾಲ್ಕನೇ ದಿನ ಕರೆ ಬಂತು. ಓದುಮನೆಯ ಅರ್ಧ ಮಂದಿ ಅವಳ ಮೇಜಿನ ಮುಂದೆ ಸಾಲು ನಿಂತರು. ಊಟದ ಹೊತ್ತಿನಲ್ಲಿ, ಚಹಾದ ಹೊತ್ತಿನಲ್ಲಿ ಅವಳು ತಿದ್ದುತ್ತಲೇ ಇದ್ದಳು. ಮೊದಲ ಸಾಲಿನಲ್ಲಿ ಅವರಿಗೆ ಏನು ಬೇಕಾಗಿದೆ ಅದು ಬರಲಿ, ನಿಮಗೆ ಏನು ಬೇಕು ಅನ್ನುವುದು ಆಮೇಲೆ. ಬಿಟ್ಟುಹೋದ ವರ್ಷವನ್ನು ಮುಚ್ಚಿಡಬೇಡಿ, ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಒಂದು ಪುಟ ಸಾಕು.

ಅವಳಿಗೂ ಒಂದು ಕೆಲಸ ಬೇಕಾಗಿತ್ತು. ಹಾವೇರಿಯ ಒಂದು ಬೀಜ ಪರೀಕ್ಷಾ ಪ್ರಯೋಗಾಲಯದಲ್ಲಿ ಮೊಳಕೆ ಎಣಿಸುವವರ ಜಾಗ ಖಾಲಿಯಿತ್ತು, ಒಂದೇ ಒಂದು. ಓದುಮನೆಗೆ ಬರುವ ಮೊದಲು ಇಂಥದೇ ಒಂದು ಲ್ಯಾಬಿನಲ್ಲಿ ಅವಳು ಅದನ್ನೇ ಮಾಡುತ್ತಿದ್ದಳು. ಅದು ಸಿಗದಿದ್ದರೆ ಸೊಲ್ಲಾಪುರದಲ್ಲಿರುವ ಅಣ್ಣನ ಮನೆಗೆ ಹೋಗಬೇಕು. ಪಿಯುಸಿ ಎರಡನೇ ವರ್ಷದ ನಡುವೆ ಮಗಳ ಕಾಲೇಜು ಬಿಡಿಸಬೇಕು. ಅಣ್ಣ ಬಾ ಎಂದಿದ್ದ. ಅತ್ತಿಗೆ ಫೋನು ತೆಗೆದುಕೊಂಡಿರಲಿಲ್ಲ.

ಭಾನುವಾರ ಬೆಳಿಗ್ಗೆ, ಜೋಳದ ಹಿಟ್ಟು ಕಲಸಿಟ್ಟು ಕೈ ತೊಳೆದು, ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಹರಡಿಕೊಂಡಳು. ಬಯೋಡಾಟಾ ಫೋನಿನಲ್ಲಿ ಸರಕಾರದ ಕಡತದಿಂದ ತಾನೇ ತುಂಬಿಕೊಂಡು ಬಂತು. ಪ್ರಯೋಗಾಲಯ ಸಹಾಯಕಿ, ಒಂಬತ್ತು ವರ್ಷ. ಖಾಲಿ, ಎರಡು ವರ್ಷ. ಓದುಗರು, ಹನ್ನೊಂದು ವರ್ಷ. ಆ 'ಖಾಲಿ' ಎಂಬಲ್ಲಿ ಅವಳ ಗಂಡ ಗುರುನಾಥ ಹಾಸಿಗೆ ಹಿಡಿದು ತೀರಿಕೊಂಡಿದ್ದ.

ಕವರಿಂಗ್ ಲೆಟರನ್ನು ಒಂದೇ ಗುಕ್ಕಿನಲ್ಲಿ ಬರೆದಳು. ಎಲ್ಲೂ ತಡೆಯಲಿಲ್ಲ. ಓದಿ ನೋಡಿದರೆ ಎಷ್ಟು ಚೆಂದವಿತ್ತೆಂದರೆ ಅವಳಿಗೇ ಆಶ್ಚರ್ಯವಾಯಿತು.

"ವರದಾ, ಇದನ್ನೊಮ್ಮೆ ಓದಿ ನೋಡವ್ವ."

ಮಗಳು ಕಿವಿಯಿಂದ ಒಂದು ಬದಿಯ ಇಯರ್‌ಫೋನ್ ತೆಗೆದಳು. "ನನಗ ಕಳಸು, ಬರದದ್ದಕ್ಕ ಮಾರ್ಕ್ಸ್ ಕೊಡೋ ಚೆಕ್ಕರ್‌ನಾಗ ಹಾಕಿ ನೋಡ್ತೀನಿ."

"ಚೆಕ್ಕರ್ ಬ್ಯಾಡ. ನೀ ಓದು."

"ಅವ್ವಾ, ನಾಳೆ ಫಿಸಿಕ್ಸ್ ಟೆಸ್ಟ್ ಐತಿ." ಇಯರ್‌ಫೋನ್ ಮತ್ತೆ ಕಿವಿ ಸೇರಿತು. ಇಂದುಮತಿ ಪತ್ರವನ್ನು ಅವಳ ಫೋನಿಗೆ ಕಳಿಸಿದಳು. ಎರಡು ನಿಮಿಷದ ಮೇಲೆ ಒಳಗಿನಿಂದಲೇ ಕೂಗಿದಳು. "ನೂರಕ್ಕ ತೊಂಬತ್ತಾರು ಬಂತು. ಚಲೋ ಐತಂತ."

ಇಂದುಮತಿ ಅರ್ಜಿ ಕಳಿಸಿದಳು.

ಬುಧವಾರ ಮಧ್ಯಾಹ್ನ ಅವಳ ಫೋನಿಗೆ ಎರಡು ಸಾಲು ಬಂದವು. 'ಕಾರಣ ಏಳು: ಬರಹ ಅರ್ಜಿದಾರರದೇ ಎಂದು ಖಚಿತವಾಗಿಲ್ಲ.' ಅದರ ಕೆಳಗೆ: 'ನಿಮ್ಮ ಅರ್ಜಿಯನ್ನು ಒಬ್ಬ ಮನುಷ್ಯ ಓದಿದ್ದಾರೆ.'

ಒಂದು ಊರಿನ ಓದುಗರ ಅರ್ಜಿಯನ್ನು ಬೇರೆ ಊರಿನ ಓದುಮನೆಗೆ ಕಳಿಸುವುದು ರೂಢಿ. ಎಲ್ಲೋ ಗದಗಿನಲ್ಲೋ ಕಲಬುರಗಿಯಲ್ಲೋ ಒಬ್ಬಳು ತನ್ನ ಹಾಗೆಯೇ ಕೂತು, ಕೊನೆಯ ಸಾಲಿನ ತನಕ ಕಣ್ಣು ಹಾಯಿಸಿ, ಹಸಿರು ಒತ್ತಿ, ಮುಂದಿನದಕ್ಕೆ ಹೋಗಿದ್ದಾಳೆ. ಹನ್ನೊಂದು ವರ್ಷ ತಾನು ಜನರಿಗೆ ಕಳಿಸುತ್ತ ಬಂದದ್ದು ಈ ಸಾಲನ್ನು. ಓದಿದರು ಎಂದು ತಿಳಿದರೆ ಸ್ವಲ್ಪ ಸಮಾಧಾನವಾದೀತು ಎಂದುಕೊಂಡಿದ್ದಳು. ಬಾಗಿಲು ತಟ್ಟಿದಾಗ ಒಳಗಿನಿಂದ ಯಾರೋ ಕೆಮ್ಮಿ ಸುಮ್ಮನಾದ ಹಾಗಿತ್ತು ಅದು.

"ನನ್ನ ಬರಹ ನಂದಲ್ಲಂತ!" ಎಂದು ಪತ್ರವನ್ನು ಬಾಷಾಸಾಬನ ಮುಂದೆ ಹಿಡಿದಳು. "ನೀವ ನೋಡ್ರಿ."

ಆತ ಕನ್ನಡಕ ಏರಿಸಿಕೊಂಡು ಓದಿದ. ಅರ್ಧಕ್ಕೆ ನಿಂತು ತಲೆ ಕೆರೆದುಕೊಂಡ. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. 'ನಾನು ತಡಮಾಡಿದ ದಿನ ನನ್ನ ಗಡಿಯಾರವೂ ನಿಂತಿತ್ತು,' ಇದು ಆ ಕೊಪ್ಪಳದ ಡ್ರೈವರಂದಲ್ಲೇನ್ರಿ? ಹ್ವಾದ ವರ್ಷ ಊಟಕ್ಕ ಕುಂತಾಗ ನೀವ ಹೇಳಿ ನಗಿಸಿದ್ರಿ."

ಅವಳು ಕಾಗದ ಕಿತ್ತುಕೊಂಡಳು. ಹೌದು, ಡ್ರೈವರನದು. ಅದರ ಕೆಳಗಿನ ಸಾಲು, 'ಕಾಯಿಲೆಯವರ ಪಕ್ಕ ಕೂತವರಿಗೆ ಕಾಯುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ,' ಅದು ಶಿರಸಿಯ ಒಬ್ಬ ನರ್ಸಿನದು. ಮೊದಲ ಸಾಲು ಒಬ್ಬ ಅಕ್ಕಸಾಲಿಗನದು. ಕೊನೆಯದು ಎರಡು ಸಲ ಅರ್ಜಿ ಹಾಕಿ ಎರಡೂ ಸಲ ಅವಳ ಮೇಜಿಗೇ ಬಂದಿದ್ದ ಒಬ್ಬ ಹುಡುಗಿಯದು. ಒಂದೊಂದೇ ಎಳೆ ಬಿಚ್ಚುತ್ತ ಹೋದಳು. ಬೇಕೆಂದು ಕದ್ದಿರಲಿಲ್ಲ. ಇಷ್ಟವಾದ ಸಾಲುಗಳು ಹನ್ನೊಂದು ವರ್ಷ ಒಳಗೆ ಇಳಿದು ಕೂತಿದ್ದವು, ಕರೆದ ಕೂಡಲೇ ಎದ್ದು ಬಂದಿದ್ದವು, ಅಷ್ಟೇ. ಜರಡಿ ಒಂದು ಪತ್ರವನ್ನೂ ಮರೆಯುವುದಿಲ್ಲ, ಅದಕ್ಕೆ ಕೂಡಲೇ ಗುರುತು ಹತ್ತಿತ್ತು.

ಎಲ್ಲ ಬಿಚ್ಚಿದ ಮೇಲೆ ಅವಳದು ಎಂದು ಉಳಿದದ್ದು ಊರು, ತಾರೀಖು, ಸಹಿ.

"ನನ್ನ ಮಾತು ಅಂಬೋದು ಒಂದೂ ಇಲ್ಲಲ್ರಿ ಇದರಾಗ," ಎಂದಳು.

ಬಾಷಾಸಾಬ ಡಬ್ಬಿಯಿಂದ ಒಂದು ಶೇಂಗಾ ಹೋಳಿಗೆ ತೆಗೆದು ಅವಳ ಮುಂದಿಟ್ಟ.

ಮರುದಿನ ಧಾರವಾಡದಿಂದ ಶ್ರೇಣಿಕ ಉಪಾಧ್ಯೆ ಎಂಬ ಎಂಜಿನಿಯರ್ ಬಂದ. ಮೂವತ್ತರೊಳಗಿನ ವಯಸ್ಸು, ಮೆತ್ತಗಿನ ಮಾತು. ಶೆಡ್ಡಿನ ಮೂಲೆಯ ಗಾಜಿನ ಕೋಣೆಯಲ್ಲಿ ಹೊಸ ಯಂತ್ರವನ್ನು ಕೂರಿಸುತ್ತಿದ್ದವನು ಅವನೇ. ಇಂದುಮತಿಯನ್ನು ಒಳಗೆ ಕರೆಸಿದ.

"ಕೂಡ್ರಿ ಮೇಡಂ. ನಿಮಗೊಂದು ತೋರಸ್ಬೇಕಾಗಿತ್ರಿ." ಪರದೆಯ ಮೇಲೆ ಯಾವುದೋ ಹಳೆಯ ಅರ್ಜಿ. ಅದರ ಮೇಲೆ ಒಂದು ಕೆಂಪು ಚುಕ್ಕೆ ಇರುವೆಯ ಹಾಗೆ ಸಾಲಿನಿಂದ ಸಾಲಿಗೆ ಹರಿದಾಡುತ್ತಿತ್ತು. "ಇದು ನಿಮ್ಮ ಕಣ್ಣು. ಆರು ವರ್ಷದ ಹಿಂದಿಂದು. ಎಲ್ಲಾ ಓದುಮನೆ ಸೇರಿಸಿ ಒಂಬೈನೂರು ಓದುಗರದಾರ್ರಿ. ಒಂದು ಸಾಲೂ ಜಿಗೀದಂಗ ಓದಿದವರು ನೀವೊಬ್ಬರೇ. ಬ್ಯಾರೆಯವರು ಹ್ಯಾಂಗ ಅತ್ತಿನ್ನ ಯಾಮಾರಸ್ತಾರ ಅಂತ ನನಗೂ ಗೊತ್ತೈತ್ರಿ." ನಕ್ಕ. "ಹಿಂಗಾಗಿ ಹೊಸ ಯಂತ್ರಕ್ಕ ನಿಮ್ಮ ಓದನ್ನಷ್ಟ ಕಲಿಸೇವಿ. ಕಣ್ಣಷ್ಟ ಅಲ್ರಿ, ಕೈ ಸೈತ."

"ಕೈ?"

"ಗುಂಡಿಯೊಳಗ ಬೆರಳಿನ ಬಿಸಿ ಗುರುತಿಸೋ ತಂತಿ ಐತ್ರಿ. ಒತ್ತಬೇಕಂತೇನಿಲ್ಲ, ಹತ್ರ ಬಂದ್ರ ಸಾಕು." ಚುಕ್ಕೆ ಒಂದು ಸಾಲಿನ ಮೇಲೆ ನಿಂತಿತ್ತು. ಪರದೆಯ ಕೆಳಗಿನ ಹಳದಿ ವೃತ್ತ ಮೆಲ್ಲಗೆ ಬೆಳಗಿತು, ಎಂಟು ಸೆಕೆಂಡು ಹಾಗೆಯೇ ಉರಿಯಿತು, ಆರಿತು. ಆಮೇಲೆ ಹಸಿರು. "ಹಿಂಗ ಒಂಬತ್ತು ಸಾವಿರದ ನಲವತ್ತೊಂದು ಸಲ ನಿಮ್ಮ ಬೆರಳು ಹಳದಿ ಗುಂಡಿ ಮ್ಯಾಲೆ ನಿಂತು ವಾಪಸ್ ಬಂದೈತ್ರಿ. ಒತ್ತಿದ್ದು ಒಮ್ಮೆನೂ ಇಲ್ಲ."

ಇಂದುಮತಿ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮನೆಯಲ್ಲಿ, ಓಣಿಯಲ್ಲಿ, ಈ ಶೆಡ್ಡಿನಲ್ಲಿ ಯಾರೂ ಅವಳನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ನಾಳಿಂದ ಯಂತ್ರ ನಿಮ್ಮ ಜೋಡಿ ಖರೇ ಅರ್ಜಿ ಓದಾಕ ಸುರು ಮಾಡ್ತೈತ್ರಿ. ಇಡೀ ರಾಜ್ಯದ್ದು," ಎಂದ ಶ್ರೇಣಿಕ.

ಅವಳು ಹೊರಗೆ ಬಂದು ಕೂತಳು. ಒಂದು ಅರ್ಜಿ ಪರದೆಯ ಮೇಲೆ ಬಂತು. ಹಸಿರು ಗುಂಡಿಯ ಮೇಲೆ ಬೆರಳಿಟ್ಟಾಗ ಲ್ಯಾಬಿನ ದಿನಗಳ ಒದ್ದೆ ಕಾಗದದ ವಾಸನೆ ಎಲ್ಲಿಂದಲೋ ಮೂಗಿಗೆ ಬಡಿಯಿತು. ಅಲ್ಲಿ ಅವಳು ಒತ್ತುತ್ತಿದ್ದದ್ದು ಬೀಜಗಳನ್ನು.

ಆ ಸಂಜೆ ಮನೆಯಲ್ಲಿ ವರದಾ ಟ್ಯೂಷನ್ನಿಗೆ ಹೋಗಿದ್ದಳು. ಇಂದುಮತಿ ಬಾಗಿಲ ಬಳಿ ಬೆಳಕಿಗೆ ಕೂತು ಎರಡನೇ ಪತ್ರ ಬರೆದಳು. ಈ ಸಲ ಹೆಜ್ಜೆ ಹೆಜ್ಜೆಗೂ ತಡೆಯಿತು. ಚೆಂದದ ಸಾಲು ಹೊಳೆದರೆ ಯಾರದೋ ಎಂದು ಅನುಮಾನಿಸಿ ಹೊಡೆದುಹಾಕಿದಳು.

'ಮಾನ್ಯರೇ, ನಿಮ್ಮಲ್ಲಿ ಮೊಳಕೆ ಎಣಿಸುವವರು ಬೇಕಾಗಿದ್ದಾರೆ. ಆ ಕೆಲಸವನ್ನು ನಾನು ಒಂಬತ್ತು ವರ್ಷ ಮಾಡಿದ್ದೇನೆ. ಒಮ್ಮೆ ತಪ್ಪು ಮಾಡಿದ್ದೇನೆ. ಮೊದಲು ಅದನ್ನೇ ಹೇಳುತ್ತೇನೆ.

ಒಂದು ಬೆಂಡಿ ಬೀಜದ ಲಾಟು ಪರೀಕ್ಷೆಗೆ ಬಂದಿತ್ತು. ಒದ್ದೆ ಕಾಗದದಲ್ಲಿ ಸುತ್ತಿಟ್ಟ ಬೀಜಗಳಲ್ಲಿ ನೂರಕ್ಕೆ ಐವತ್ತೆಂಟು ಮೊಳೆತಿದ್ದವು. ಪಾಸಾಗಲು ಅರವತ್ತೈದು ಬೇಕು. ಮೊಳೆಯದ ಬೀಜಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಬೇಕೆಂಬುದು ನಿಯಮ. ಮೆತ್ತಗೆ ಕುಸಿದರೆ ಸತ್ತಿದೆ. ಗಟ್ಟಿಯಾಗಿದ್ದರೆ ಬದುಕಿದೆ, ಸಿಪ್ಪೆ ದಪ್ಪವಿರುವುದರಿಂದ ನೀರು ಒಳಗಿಳಿಯಲು ಇನ್ನಷ್ಟು ದಿನ ಬೇಕು. ಅದನ್ನೂ ಮೊಳೆತವುಗಳ ಜೊತೆ ಎಣಿಸಬೇಕು. ನಾನು ಆ ದಿನ ಒತ್ತಿ ನೋಡಲಿಲ್ಲ. ಮನೆಯಲ್ಲಿ ಮೂರು ವರ್ಷದ ಮಗಳಿಗೆ ಜ್ವರ ಬಂದಿತ್ತು, ಬಸ್ಸು ತಪ್ಪುತ್ತಿತ್ತು. ಎಲ್ಲವನ್ನೂ ಸತ್ತವು ಎಂದು ಬರೆದು ಓಡಿದೆ. ಲಾಟು ಫೇಲಾಯಿತು.

ಎರಡು ವಾರದ ಮೇಲೆ ಲ್ಯಾಬಿನ ಹಿಂದಿನ ಕಸದ ತಿಪ್ಪೆಯಲ್ಲಿ ಬೆಂಡಿ ಸಸಿಗಳು ಎದ್ದಿದ್ದವು. ನಾನು ಎಸೆದವೇ. ಯಾರೂ ನೋಡಿರಲಿಲ್ಲ, ಕಿತ್ತು ಹಾಕಿದ್ದರೆ ಮುಗಿದುಹೋಗುತ್ತಿತ್ತು. ಹೋಗಿ ಸಾಹೇಬರಿಗೆ ಹೇಳಿದೆ. ಮತ್ತೆ ಪರೀಕ್ಷೆ ಮಾಡಿದರು, ಲಾಟು ಪಾಸಾಯಿತು. ನನ್ನ ನೌಕರಿ ಆ ವರ್ಷ ಕಾಯಂ ಆಗುವುದಿತ್ತು. ಆಗಲಿಲ್ಲ. ಜ್ವರವನ್ನು ನೆಪವಾಗಿ ಹೇಳುತ್ತಿಲ್ಲ. ಮಗಳಿಗೆ ಇದು ಗೊತ್ತಿಲ್ಲ, ಗೊತ್ತಾಗಬೇಕಿಲ್ಲ.

ಆಮೇಲೆ ಎರಡು ವರ್ಷ ಗಂಡನ ಆರೈಕೆಯಲ್ಲಿದ್ದೆ. ಆಮೇಲೆ ಹನ್ನೊಂದು ವರ್ಷ ಜನರ ಅರ್ಜಿಗಳನ್ನು ಓದಿದೆ. ಅಲ್ಲಿ ಒತ್ತಿ ನೋಡುವ ಧೈರ್ಯ ಮಾಡಲಿಲ್ಲ. ಬೀಜದ ವಿಷಯದಲ್ಲಿ ಮಾತ್ರ ಆ ತಪ್ಪನ್ನು ಇನ್ನೊಮ್ಮೆ ಮಾಡುವುದಿಲ್ಲ.

ಇಂದುಮತಿ ಗುರುನಾಥ ಹಾದಿಮನಿ.'

ವರದಾ ಬರುವ ಮೊದಲೇ ಕಳಿಸಿಬಿಟ್ಟಳು. ಜರಡಿ ಇದನ್ನು ಉದುರಿಸುತ್ತದೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ತಪ್ಪು ಒಪ್ಪಿಕೊಂಡವರು ಅದರ ಲೆಕ್ಕದಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಓಣಿಯಲ್ಲಿ ಯಾರಿಗಾದರೂ ಇಂಥ ಪತ್ರ ಬರೆದುಕೊಡುತ್ತಿದ್ದಳೇ? ಇಲ್ಲ. ಆದರೂ ಕಳಿಸಿದ ಮೇಲೆ ಕಾಗದವನ್ನು ಮಡಿಸಿ ಅಕ್ಕಿ ಡಬ್ಬಿಯ ಕೆಳಗಿಟ್ಟಳು. ಎದೆಯಲ್ಲಿ ಏನೋ ಒಂದು ಹಗುರಾಗಿತ್ತು, ಹಗುರಾದದ್ದನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಮೂವತ್ತನೇ ತಾರೀಖು ಓದುಮನೆಯ ಕೊನೆಯ ದಿನ. ಹೆಂಗಸರು ಮನೆಯಿಂದ ಅವಲಕ್ಕಿ, ಮಂಡಕ್ಕಿ, ಮಿರ್ಚಿ ಮಾಡಿಕೊಂಡು ಬಂದಿದ್ದರು. ಯಾರೋ ಅತ್ತಿಯ ಗಾಜಿಗೆ ಕುಂಕುಮ ಹಚ್ಚಿ, "ಇನ್ನ ನಿನ್ನ ಕಾಟ ತಪ್ಪಿತವ್ವ," ಎಂದು ಕೈ ಮುಗಿದರು. ಎಲ್ಲರೂ ನಕ್ಕರು.

ಗಾಜಿನ ಕೋಣೆಯಿಂದ ಶ್ರೇಣಿಕ ಕರೆದ. ಅವನ ಮುಖ ಬಾಡಿತ್ತು. ಟೇಬಲ್ಲಿನ ಮೇಲೆ ಎರಡು ಕಾಗದಗಳಿದ್ದವು.

"ಮೇಡಂ, ಒಂದು ಪೇಚಾಟ ಆಗೈತ್ರಿ. ಯಂತ್ರ ಹಳದಿ ಒತ್ತಾಕತ್ತೈತಿ. ಎರಡು ವಾರದಾಗ ಎರಡು ಸಾವಿರ ಅರ್ಜಿ ಮರುನೋಟಕ್ಕ ಕಳಿಸೈತ್ರಿ. ಎಲ್ಲಾ ಕಂಪನಿಯವರೂ ಮೇಲಿನವರಿಗೆ ಫೋನ್ ಮಾಡಿ ಬೈಯಾಕತ್ಯಾರ."

"ಯಾಕ ಒತ್ತತೈತಿ?"

"ನಿಮ್ಮ ಬೆರಳು ಹಳದಿ ಕಡೆ ಹೋಗೋದನ್ನ ಕಲತೈತ್ರಿ. ವಾಪಸ್ ಯಾಕ ಬಂತು ಅಂಬೋದು ಅದಕ್ಕ ತಿಳದಿಲ್ಲ. ಕಪ್ಪು ಗೆರಿ, ನೌಕರಿ ಹೋಗೋ ಅಂಜಿಕಿ, ಇವೆಲ್ಲ ಅದಕ್ಕಿಲ್ಲಲ್ರಿ. ನಿಮಗ ಮನಸ್ಸಿತ್ತು ಅಂತ ತಿಳಕೊಂಡು ಅದನ್ನ ಪೂರಾ ಮಾಡತೈತಿ." ಅವನು ಮೊದಲ ಕಾಗದವನ್ನು ಅವಳ ಕಡೆ ಸರಿಸಿದ. "ಆ ಬೆರಳಿನ ದಾಖಲೆ ಅಳಿಸಿದ್ರ ಸರಿಹೋಗತೈತ್ರಿ. ಆದ್ರ ಕಾನೂನು ಐತಿ. ಓದುಗರ ಮೈಯಿಂದ ತಗೊಂಡ ದಾಖಲೆಗೆ ಏನು ಅರ್ಥ ಅಂತ ಓದುಗರೇ ಹೇಳಬೇಕು. ನೀವಿಲ್ಲಿ ಸಹಿ ಮಾಡಿದ್ರ ಮುಗೀತು."

ಅವಳು ಓದಿದಳು, ಒಂದು ಸಾಲೂ ಬಿಡದೆ. 'ಹಳದಿ ಗುಂಡಿಯ ಬಳಿ ನನ್ನ ಬೆರಳಿನ ಚಲನೆ ಕೇವಲ ಅಭ್ಯಾಸಬಲದ್ದು. ಅದರ ಹಿಂದೆ ಆ ಅರ್ಜಿಗಳ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ.'

"ಇನ್ನೊಂದು?"

"ಅದು ನಿಮ್ಮ ಅನುಭವಪತ್ರ. ಅತ್ಯುತ್ತಮ ಅಂತ ಬರದಾರ. ಸಹಿ ಆದ ಮ್ಯಾಲೆ ಕೊಡ್ರಿ ಅಂತ ಹೇಳ್ಯಾರ." ಅವನು ತಲೆ ತಗ್ಗಿಸಿದ. "ನಾ ಹೇಳಿದ್ದಲ್ರಿ ಇದು. ಮೇಲಿನವರು."

ಅನುಭವಪತ್ರವಿಲ್ಲದೆ ಹನ್ನೊಂದು ವರ್ಷವೂ ಬಯೋಡಾಟಾದಲ್ಲಿ ಬರೀ ತಾರೀಖಾಗಿ ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅಂಥವರನ್ನು ಜರಡಿ ಮೊದಲೇ ಉದುರಿಸುತ್ತದೆ. ಸೊಲ್ಲಾಪುರದ ಅಣ್ಣನ ಮನೆಯ ಹೊರಕೋಣೆ ಕಣ್ಣ ಮುಂದೆ ಬಂತು, ಅಲ್ಲಿ ಟ್ರಂಕಿನ ಮೇಲೆ ಕೂತು ಓದುತ್ತಿರುವ ವರದಾ ಬಂದಳು. ಪೆನ್ನು ಎತ್ತಿಕೊಂಡಳು. ಬೆರಳು ಸಹಿಯ ಜಾಗದ ಮೇಲೆ ನಿಂತಿತು.

ಕಸದ ತಿಪ್ಪೆಯಲ್ಲಿ ಎದ್ದ ಸಸಿಗಳ ಎದುರು ಕೂಡ ಹೀಗೇ ನಿಂತಿದ್ದಳು. ಬಗ್ಗಿ ಕಿತ್ತಿದ್ದರೆ ಒಂದು ನಿಮಿಷದ ಕೆಲಸ.

"ಶ್ರೇಣಿಕ, ಇದು ಸುಳ್ಳೈತಪಾ," ಎಂದಳು. "ಅಭ್ಯಾಸ ಅಲ್ಲ ಅದು." ಸಹಿಯ ಜಾಗವನ್ನು ಬಿಟ್ಟು ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದಳು: 'ಅಭಿಪ್ರಾಯ ಇತ್ತು. ಧೈರ್ಯ ಇರಲಿಲ್ಲ.' ಅದರ ಕೆಳಗೆ ಸಹಿ ಮಾಡಿದಳು.

ಶ್ರೇಣಿಕ ಆ ಎರಡು ವಾಕ್ಯಗಳನ್ನು ನೋಡುತ್ತ ಕೂತ. "ಇದನ್ನ ಇಟಗೊಂಡು ಅಳಿಸಾಕ ಬರಂಗಿಲ್ರಿ ಮೇಡಂ. ಯಂತ್ರ ಹಿಂಗ ಇರತೈತಿ."

"ಇರಲಿ."

"ಅನುಭವಪತ್ರ ಕೊಡಾಕ ಬಿಡಂಗಿಲ್ಲ ನನ್ನ."

"ಗೊತ್ತೈತಿ." ಎದ್ದಳು. ಬಾಗಿಲಲ್ಲಿ ತಿರುಗಿ, "ಊಟ ಮಾಡಿಯೇನು? ಹೊರಗ ಮಿರ್ಚಿ ಅದಾವ, ಬಿಸಿ ಇದ್ದಾಗ ತಿನ್ನು," ಎಂದಳು.

ಸಾಯಂಕಾಲ ಬಾಷಾಸಾಬ ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ಬಂದ. "ಕಲ್ಯಾಣಮಂಟಪಕ್ಕ ಬರ್ರಿ ಅಕ್ಕಾರ, ಮಗಳ ಮದುವಿಗೆ ಹಾಲ್ ಪುಕ್ಕಟೆ," ಎಂದು ನಗಿಸಲು ನೋಡಿದ. ಆಮೇಲೆ ಕಂಡಕ್ಟರನ ಹಾಗೆಯೇ ಬಸ್ಸಿನ ಬಾಗಿಲಿಗೆ ಎರಡು ಸಲ ಬಡಿದು, "ರೈಟ್!" ಎಂದು ಕೂಗಿ ಅವಳನ್ನು ಕಳಿಸಿಕೊಟ್ಟ. ಹನ್ನೊಂದು ವರ್ಷ ಪಕ್ಕದಲ್ಲಿ ಕೂತವನು ಕಿಟಕಿಯಲ್ಲಿ ಸಣ್ಣವನಾಗುತ್ತ ಹೋದ.

ಬಸ್ಸು ಇಳಿಯುವಾಗ ಫೋನಿಗೆ ಸಾಲುಗಳು ಬಂದವು. 'ಕಾರಣ ಮೂರು: ಅರ್ಜಿದಾರರು ಸ್ವತಃ ಲೋಪ ಒಪ್ಪಿಕೊಂಡಿದ್ದಾರೆ.' ಇದು ಅವಳು ಎದುರು ನೋಡಿದ್ದೇ. ಅದರ ಕೆಳಗಿನದನ್ನು ಮಾತ್ರ ದಾರಿಯ ಮಧ್ಯದಲ್ಲೇ ನಿಂತು ಎರಡು ಸಲ ಓದಿದಳು.

'ನಿಮ್ಮ ಅರ್ಜಿಯನ್ನು ಓದಲಾಗಿದೆ. ಮರುನೋಟಕ್ಕೆ ಕಳಿಸಲಾಗಿದೆ.'

'ಒಬ್ಬ ಮನುಷ್ಯ' ಎಂಬ ಮಾತು ಅದರಲ್ಲಿರಲಿಲ್ಲ.

ಹಿಂದಿನಿಂದ ಬಂದ ಸೈಕಲ್ಲಿನವನು ಗಂಟೆ ಬಾರಿಸಿದ, ಅವಳು ಪಕ್ಕಕ್ಕೆ ಸರಿದಳು. ಆ ಪತ್ರವನ್ನು ಕೊನೆಯ ಸಾಲಿನ ತನಕ ಬಿಡದೆ ಓದಿದವರು ಯಾರು, ಬೆರಳನ್ನು ಹಳದಿಯ ಮೇಲೆ ಇಟ್ಟು ಈ ಸಲ ವಾಪಸ್ ತೆಗೆಯದವರು ಯಾರು ಎಂಬುದು ಅವಳಿಗೆ ತಿಳಿದಿತ್ತು. ಇಡೀ ರಾಜ್ಯದಲ್ಲಿ ತನ್ನನ್ನು ಓದಲು ಸಿಕ್ಕವಳು ತಾನೊಬ್ಬಳೇ. ನಗು ಬಂತು. ಥ್ಯಾಂಕ್ಸ್ ಹೇಳೋಣವೆಂದರೆ ಕಳಿಸುವ ವಿಳಾಸವಿರಲಿಲ್ಲ.

ಮೂರನೇ ದಿನ, ಬೆಳಗಿನ ಹನ್ನೊಂದರ ಹೊತ್ತಿಗೆ ಫೋನ್ ಬಂತು. ಹಾವೇರಿಯ ಲ್ಯಾಬಿನ ಮುಖ್ಯಸ್ಥೆ. ದನಿ ಗಡಸಾಗಿತ್ತು.

"ಹಾದಿಮನಿ ಅವರೇನ್ರಿ? ಆ ಬೆಂಡಿ ಲಾಟಿನ ವಿಷಯ ಖರೇನೇನು?"

"ಖರೇ ರಿ."

"ತಿಪ್ಪಿಯೊಳಗ ಎಷ್ಟು ಎದ್ದಿದ್ದವು?"

"ಮೂವತ್ತೊಂದು."

"ಎಣಿಸೀರಿ ಹಂಗಾರ," ಎಂದಿತು ದನಿ. "ನಮ್ಮಲ್ಲೂ ಎಣಿಸೋ ಯಂತ್ರ ಐತ್ರಿ. ಮೊಳತದ್ದನ್ನ ಚಲೋ ಎಣಸತೈತಿ. ಮೊಳೀದಿದ್ದನ್ನ ಒತ್ತಿ ನೋಡಾಕ ಬರಂಗಿಲ್ಲ ಅದಕ್ಕ. ಸೋಮವಾರ ಬರ್ರಿ. ಉಗುರು ಕತ್ತರಿಸಿಕೊಂಡು ಬರ್ರಿ."

ಫೋನಿಟ್ಟು ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ವರದಾ ನಿಂತಿದ್ದಳು. ಅರ್ಧ ದಿನದ ಕಾಲೇಜು, ಬ್ಯಾಗು ಇನ್ನೂ ಹೆಗಲಲ್ಲಿತ್ತು.

"ಬೆಂಡಿ ಲಾಟು ಅಂದ್ರೇನವ್ವ? ತಿಪ್ಪಿ ಯಾವದು? ನೀ ನನಗೆಂದೂ ಹೇಳಿಲ್ಲ."

"ಏನಿಲ್ಲವ್ವ. ಹಳೇದು. ಕೆಲಸ ಸಿಗೂ ಹಂಗ ಕಾಣತೈತಿ, ಸೊಲ್ಲಾಪುರ ತಪ್ಪಿತು."

"ಪತ್ರ ತೋರ್ಸು."

"ಚೆಕ್ಕರ್‌ನಾಗ ಹಾಕ್ತೀಯೇನು?"

"ಇಲ್ಲ. ಓದ್ತೀನಿ."

ಇಂದುಮತಿ ಹಿಂದೆ ಮುಂದೆ ನೋಡಿದಳು. ಆಮೇಲೆ ಅಕ್ಕಿ ಡಬ್ಬಿಯ ಕೆಳಗಿಟ್ಟಿದ್ದ ಕಾಗದವನ್ನು ತೆಗೆದು ಕೊಟ್ಟಳು. ವರದಾ ಇಯರ್‌ಫೋನನ್ನು ಎರಡೂ ಕಿವಿಯಿಂದ ತೆಗೆದು ಕಟ್ಟೆಯ ಮೇಲಿಟ್ಟು, ಬೆಳಕಿಗೆ ಬಂದು ನಿಂತಳು.

ಹನ್ನೊಂದು ವರ್ಷದ ರೂಢಿ, ಇಂದುಮತಿಗೆ ಬೇರೆ ಕಡೆ ನೋಡಲಾಗಲಿಲ್ಲ. ಮಗಳ ಕಣ್ಣಿನ ಪಾಪೆಗಳು ಎಡದಿಂದ ಬಲಕ್ಕೆ ಹರಿದು, ಮುಂದಿನ ಸಾಲಿಗೆ ಇಳಿದು, ಮತ್ತೆ ಹರಿದವು. ಒಂದನ್ನೂ ಜಿಗಿಯಲಿಲ್ಲ. ಎರಡನೇ ಪ್ಯಾರಾದ ಕೆಳಗೆ, ಜ್ವರ ಎಂಬ ಮಾತಿರುವಲ್ಲಿ ಬಂದು ನಿಂತವು.

ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಬಂತು. ಇಬ್ಬರೂ ಅಲ್ಲಾಡಲಿಲ್ಲ. ಇಂದುಮತಿ ಮನಸ್ಸಿನಲ್ಲೇ ಸೆಕೆಂಡುಗಳನ್ನು ಎಣಿಸುತ್ತಿದ್ದಳು. ನಲವತ್ತು ಯಾವಾಗಲೋ ದಾಟಿತ್ತು.